ಜನರೇಟರ್ ಇದ್ದ ಜಾಗ

ಕರೆಂಟ್ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಲಿಫ್ಟ್ ಇಲ್ಲ, ಫ್ಯಾನ್ ಇಲ್ಲ, ವೈಫೈ ಇಲ್ಲ. ಅಕ್ಕಪಕ್ಕದವರ ಜೊತೆ ಬಾಯಿಬಿಟ್ಟು ಮಾತಾಡದೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ಎಲ್ಲರೂ ಕೆಳಗೆ ಸಂಪಿನ ಕಟ್ಟೆ ಮೇಲೆ ಸೊಳ್ಳೆ ಹೊಡೆಯುತ್ತ ಕೂತಿದ್ದೆವು. ಎದುರಿಗೆ ಜನರೇಟರ್ ಇದ್ದ ಜಾಗ. ಈಗ ಅಲ್ಲಿ ನಾಲ್ಕು ಬೋಲ್ಟು, ಒಂದು ಎಣ್ಣೆ ಕಲೆ, ಕಲೆಯ ಮೇಲೆ ಮಲಗಿದ ಬೆಕ್ಕು.

"ಕಿಟ್ಟಿ, ಸ್ವಲ್ಪ ದೂರ ಕೂತ್ಕೊಳಪ್ಪ," ಅಂದರು ಮೇಷ್ಟ್ರು. "ನೀನು ದೇಶದ್ರೋಹಿ. ನನ್ನ ಪೆನ್ಷನ್ ನಿಂತು ಹೋದೀತು."

ಕತ್ತಲಲ್ಲಿ ಕಿಟ್ಟಿಯ ಮುಖ ಕಾಣಲಿಲ್ಲ. ಸೀನ ಕೆಮ್ಮಿದ್ದು ಮಾತ್ರ ಕೇಳಿಸಿತು.

ವಿಷಯ ಇಷ್ಟೇ. ಈ ಸಲ ಆರ್ಕೆಸ್ಟ್ರಾಗೆ ಒಂದು ರೂಪಾಯಿಯನ್ನೂ ಕೊಡಬಾರದು ಅಂತ ಜೂನ್ ತಿಂಗಳಲ್ಲೇ ಜನರಲ್ ಬಾಡಿಯಲ್ಲಿ ಠರಾವು ಆಗಿತ್ತು. ಆಗಸ್ಟ್ 15ಕ್ಕೆ ಆರ್ಕೆಸ್ಟ್ರಾ ಭರ್ಜರಿಯಾಗಿ ನಡೆಯಿತು. ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ಪಲಾವ್ ಚೆನ್ನಾಗಿತ್ತು. ಮೂರು ದಿನ ಬಿಟ್ಟು ಕರೆಂಟ್ ಹೋದಾಗ ನೋಡಿದರೆ ಜನರೇಟರ್ ಇಲ್ಲ. ಕಾಂಪೌಂಡಿನ ಆಚೆ, ಹಿಂದಿನ ಬ್ಲಾಕಿನಲ್ಲಿ, ಪರಿಚಯದ ದನಿಯೊಂದು ಗುಡುಗುಡು ಅನ್ನುತ್ತಿತ್ತು. ನಮಗೂ ಅವರಿಗೂ ಚರಂಡಿ ವಿಷಯಕ್ಕೆ ಮೂರು ವರ್ಷದಿಂದ ಮಾತಿಲ್ಲ!

ಕಿಟ್ಟಿ ಗ್ರೂಪಿನಲ್ಲಿ ಲೆಕ್ಕ ಕೇಳಿದ. ಕಮಿಟಿಯಲ್ಲಿರುವ ಸೀನ, "ಸ್ವಾತಂತ್ರ್ಯ ದಿನದ ಖರ್ಚಿಗೆ ಲೆಕ್ಕ ಕೇಳುವವರು ದೇಶದ್ರೋಹಿಗಳು" ಅಂತ ಹಾಕಿದ. ಪಕ್ಕದಲ್ಲಿ ಮೂರು ಬಾವುಟ. ಹತ್ತು ನಿಮಿಷದಲ್ಲಿ ಅಳಿಸಿಯೂ ಹಾಕಿದ. ಅಷ್ಟರಲ್ಲಿ ಪದ್ದಕ್ಕ ಸ್ಕ್ರೀನ್‌ಶಾಟ್ ತೆಗೆದಿದ್ದರು. ಪದ್ದಕ್ಕ ಎಲ್ಲದಕ್ಕೂ ತೆಗೆಯುತ್ತಾರೆ.

"ಇದೆಲ್ಲ ಒಂದು ಸಲ ನಡೆದು ಹೋಗಿದೆ ಕಣಯ್ಯಾ," ಅಂದರು ಮೇಷ್ಟ್ರು. "ಅಮೆರಿಕದಲ್ಲಿ. ರೇಗನ್ ಅಧ್ಯಕ್ಷರಾಗಿದ್ದ ಕಾಲದಲ್ಲಿ."

"ಅಲ್ಲೂ ಜನರೇಟರ್ ಮಾರಿದ್ರಾ?" ಅಂದರು ಪದ್ದಕ್ಕ.

"ಕ್ಷಿಪಣಿ ಪದ್ದಕ್ಕ. ಅದೂ ಇರಾನಿಗೆ. ಅಮೆರಿಕದ ರಾಯಭಾರ ಕಚೇರಿಯವರನ್ನ 444 ದಿನ ಒತ್ತೆ ಇಟ್ಟುಕೊಂಡಿದ್ದರಲ್ಲ, ಅವರಿಗೇ. ಇರಾನಿಗೆ ಯಾರೂ ಆಯುಧ ಮಾರಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳೋದು, ಹಿತ್ತಲ ಬಾಗಿಲಿಂದ ಇಸ್ರೇಲ್ ಕೈಲಿ ತಾವೇ ಕಳಿಸೋದು. 1985ರ ಆಗಸ್ಟಿನಲ್ಲಿ ಮೊದಲ ಕಂತು, ಟ್ಯಾಂಕ್ ಹೊಡೆಯುವ 96 ಟೌ ಕ್ಷಿಪಣಿ."

"ಯಾಕಂತೆ?"

"ಲೆಬನಾನಿನಲ್ಲಿ ಕೆಲವು ಅಮೆರಿಕನ್ನರು ಒತ್ತೆಯಾಳಾಗಿದ್ದರು. ಇರಾನಿನವರು ಹೇಳಿದರೆ ಬಿಡ್ತಾರೆ ಅನ್ನೋ ಆಸೆ. ಅದು ಬಿಡಿ, ಜೀವದ ಪ್ರಶ್ನೆ. ಆದರೆ ಬಂದ ದುಡ್ಡಿನಲ್ಲಿ ಒಂದು ಪಾಲು ಹೋಗಿದ್ದು ನಿಕರಾಗುವಾಕ್ಕೆ. ಅಲ್ಲಿನ ಎಡಪಂಥದ ಸರ್ಕಾರವನ್ನ ಬೀಳಿಸೋಕೆ ಕಾಂಟ್ರಾಗಳು ಅಂತ ಬಂಡುಕೋರರಿದ್ದರು, ಅವರಿಗೆ. ಅವರಿಗೆ ಕಾಸು ಕೊಡಕೂಡದು ಅಂತ ಸಂಸತ್ತು 1984ರಲ್ಲೇ ಕಾನೂನು ಮಾಡಿತ್ತು. ಬೋಲಂಡ್ ತಿದ್ದುಪಡಿ."

"ಠರಾವು," ಅಂದ ಕಿಟ್ಟಿ.

"ಠರಾವು. ಬೇಡ ಅಂದವರಿಗೆ ಹೇಳಲಿಲ್ಲ, ಬೇಕು ಅಂದವರಿಗೆ ತಲುಪಿಸಿದರು. ನಡುವೆ ಶತ್ರುವಿಗೆ ಸಾಮಾನು."

"ಮೇಷ್ಟ್ರು ಅಮೆರಿಕದ ವಿಷಯವೇ ತಾನೇ ಹೇಳ್ತಿರೋದು?" ಅಂದ ಸೀನ.

"ಮತ್ತಿನ್ಯಾವುದು ಹೇಳ್ಲಿ? ಕೇಳು. ಅವರಿಗೊಬ್ಬ ಬ್ರೋಕರ್ ಇದ್ದ, ಘೋರ್ಬನಿಫರ್ ಅಂತ. ಸಿಐಎದವರು ಅವನನ್ನ ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿದರು. ಹೆಚ್ಚುಕಮ್ಮಿ ಎಲ್ಲ ಪ್ರಶ್ನೆಗೂ ಸುಳ್ಳು ಅಂತ ಬಂತು. ಆಮೇಲೂ ವ್ಯಾಪಾರ ಅವನ ಜೊತೆಯೇ."

"ಛೆ, ನಮ್ಮ ಬ್ರೋಕರ್ ಹಾಗಲ್ಲಪ್ಪ, ತುಂಬಾ ಒಳ್ಳೆಯವನು."

ಸೊಳ್ಳೆ ಹೊಡೆಯುವ ಸದ್ದೂ ನಿಂತಿತು.

"ನಮ್ಮ ಬ್ರೋಕರಾ?" ಅಂದ ಕಿಟ್ಟಿ.

"ಅಂದ್ರೆ... ಇದ್ದಿದ್ದರೆ," ಅಂದ ಸೀನ.

ಮೇಷ್ಟ್ರು ಕೇಳಿಸದವರ ಹಾಗೆ ಮುಂದುವರಿದರು. 1986ರ ಮೇ ತಿಂಗಳಲ್ಲಿ ಮಾತುಕತೆಗೆ ಅಂತ ಒಂದು ತಂಡ ಟೆಹರಾನಿಗೆ ಹೋಯಿತು. ಅಧ್ಯಕ್ಷರ ಹಿಂದಿನ ಭದ್ರತಾ ಸಲಹೆಗಾರ ಮೆಕ್‌ಫಾರ್ಲೇನ್, ವೈಟ್ ಹೌಸಿನ ಭದ್ರತಾ ಮಂಡಳಿಯಲ್ಲಿದ್ದ ಕರ್ನಲ್ ಆಲಿವರ್ ನಾರ್ತ್, ಇನ್ನೊಂದಿಷ್ಟು ಜನ. ಕೈಯಲ್ಲಿ ಐರ್ಲೆಂಡಿನ ನಕಲಿ ಪಾಸ್‌ಪೋರ್ಟು. ವಿಮಾನದಲ್ಲಿ ಕ್ಷಿಪಣಿಯ ಬಿಡಿಭಾಗ. ಜೊತೆಗೆ ಒಂದು ಕೇಕು. ಬೀಗದ ಕೈ ಆಕಾರದ್ದು. ಸ್ನೇಹದ ಬಾಗಿಲು ತೆರೆಯಲಿ ಅಂತ.

"ಮೊಟ್ಟೆ ಹಾಕಿದ್ದಾ?" ಅಂದರು ಪದ್ದಕ್ಕ.

"ತನಿಖೆಯಲ್ಲಿ ಆ ಪ್ರಶ್ನೆ ಬರಲಿಲ್ಲ."

"ಅದನ್ನಲ್ವಾ ಮೊದಲು ಕೇಳಬೇಕಾದ್ದು? ಆಮೇಲೆ ಯಾರು ತಿಂದ್ರು?"

"ಮಾತಾಡಬೇಕಾದ ದೊಡ್ಡವರು ಯಾರೂ ವಿಮಾನ ನಿಲ್ದಾಣಕ್ಕೆ ಬಂದಿರಲಿಲ್ಲ. ಕಾವಲಿಗಿದ್ದ ಹುಡುಗರು ತಿಂದು ಹಾಕಿದರು."

ಪದ್ದಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ಜುಲೈನಲ್ಲಿ ನಮ್ಮ ಪ್ರೆಸಿಡೆಂಟ್ರು ಹಿಂದಿನ ಬ್ಲಾಕಿಗೆ ಹೋಗ್ತಿದ್ದರು. ಕೈಯಲ್ಲಿ ಸ್ವೀಟ್ ಡಬ್ಬಿ. ಏನ್ರೀ ವಿಶೇಷ ಅಂದೆ. ವಾಕಿಂಗ್ ಅಂದ್ರು. ಮೈಸೂರು ಪಾಕ್ ಹಿಡ್ಕೊಂಡು ಯಾರಾದ್ರೂ ವಾಕಿಂಗ್ ಹೋಗ್ತಾರಾ?"

"ಶುಗರ್ ಇರೋರು ಹೋಗ್ತಾರೆ," ಅಂದರು ಮೇಷ್ಟ್ರು. "ಮನೆಯಲ್ಲಿ ತಿನ್ನೋಕೆ ಬಿಡಲ್ಲವಲ್ಲ."

ಆಮೇಲೆ ಮಾತು ಮೈಸೂರು ಪಾಕಿಗೆ ಹೋಯಿತು. ಮೆತ್ತಗಿರಬೇಕೋ, ಗೂಡುಗೂಡಾಗಿ ಗಟ್ಟಿಯಾಗಿರಬೇಕೋ ಅಂತ ಹತ್ತು ನಿಮಿಷ. ಈ ವಿಷಯದಲ್ಲಿ ಸೀನನೂ ಕಿಟ್ಟಿಯೂ ಒಂದೇ ಪಕ್ಷ. ಪದ್ದಕ್ಕನೇ ವಾಪಸ್ ಎಳೆದು ತಂದರು: "ದುಡ್ಡು ಅಂತೂ ಸರಿಯಾಗಿ ತಲುಪಿತಾ?"

"ಅದೊಂದು ಮಜಾ ಇದೆ. ಬ್ರೂನೈ ಸುಲ್ತಾನರ ಹತ್ತಿರ 1 ಕೋಟಿ ಡಾಲರ್ ಚಂದಾ ಎತ್ತಿದರು. ಸ್ವಿಸ್ ಬ್ಯಾಂಕಿನ ಅಕೌಂಟ್ ನಂಬರ್ ಬರೆಯುವಾಗ ಎರಡು ಅಂಕಿ ಹಿಂದುಮುಂದಾಯಿತು. ದುಡ್ಡು ಪಾಪ, ಏನೂ ಗೊತ್ತಿಲ್ಲದ ಯಾವನದೋ ಖಾತೆಗೆ ಹೋಗಿ ಕೂತಿತು."

"ನಮ್ಮ ಆರ್ಕೆಸ್ಟ್ರಾ ಅಡ್ವಾನ್ಸ್ ಕೂಡ..." ಅಂತ ಶುರು ಮಾಡಿದ ಸೀನ, ತಾನೇ ಬಾಯಿ ಮೇಲೆ ಕೈ ಇಟ್ಟುಕೊಂಡ. ಪಟ್ ಅಂತ ಸದ್ದು ಬಂತು. ಸೊಳ್ಳೆ ಅಂದ.

1986ರ ನವೆಂಬರಿನಲ್ಲಿ ಲೆಬನಾನಿನ ಒಂದು ಪತ್ರಿಕೆ ಗುಟ್ಟು ಒಡೆಯಿತು. ನಾರ್ತ್ ಆಫೀಸಿನಲ್ಲಿ ಕಾಗದ ಚೂರು ಮಾಡುವ ಯಂತ್ರ ಬಿಡುವಿಲ್ಲದೆ ಓಡಿತು. ಉಳಿದದ್ದನ್ನು ಅವರ ಸೆಕ್ರೆಟರಿ ಫಾನ್ ಹಾಲ್ ಬೂಟಿನೊಳಗೆ, ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಹೊರಗೆ ಸಾಗಿಸಿದರು. ಕಂಪ್ಯೂಟರಿನಲ್ಲಿದ್ದ ಸಂದೇಶಗಳನ್ನು ಅಳಿಸಿ ಹಾಕಿದರು. ಆದರೆ ಅವುಗಳ ಬ್ಯಾಕಪ್ ವೈಟ್ ಹೌಸಿನಲ್ಲೇ ಭದ್ರವಾಗಿ ಕೂತಿತ್ತು.

"ಅಳಿಸಿದ್ದು ಹೋಯ್ತು ಅಂದ್ಕೊಂಡಿದ್ದರು," ಅಂದರು ಮೇಷ್ಟ್ರು. "ಅವರ ಕಟ್ಟಡದಲ್ಲೂ ಒಬ್ಬ ಪದ್ದಕ್ಕ ಇದ್ದಳು ಅಂತ ಇಟ್ಕೊಳ್ಳಿ."

ಪದ್ದಕ್ಕ ಸೆರಗು ಸರಿ ಮಾಡಿಕೊಂಡರು. "ಅಧ್ಯಕ್ಷರು ಏನಂದ್ರು?"

"ಮೊದಲು, ಆಯುಧ ಕೊಟ್ಟು ಒತ್ತೆಯಾಳು ಬಿಡಿಸಿಲ್ಲ ಅಂದರು. 1987ರ ಮಾರ್ಚಿನಲ್ಲಿ ಟಿವಿಗೆ ಬಂದು, ನಾನಂದದ್ದು ನಿಜ ಅಂತ ನನ್ನ ಹೃದಯ ಈಗಲೂ ಹೇಳುತ್ತೆ, ಆದರೆ ಸಾಕ್ಷ್ಯ ಹಾಗೆ ಹೇಳ್ತಿಲ್ಲ ಅಂದರು. ಮೊದಲ ಕಂತಿಗೆ ಒಪ್ಪಿಗೆ ಯಾವಾಗ ಕೊಟ್ಟಿರಿ ಅಂತ ವಿಚಾರಣಾ ಸಮಿತಿ ಕೇಳಿದ್ದಕ್ಕೆ, ನೆನಪಿಲ್ಲ. ಅವರ ಭದ್ರತಾ ಸಲಹೆಗಾರ ಪಾಯಿಂಡೆಕ್ಸ್‌ಟರ್ ಇನ್ನೂ ಒಂದು ಕೈ ಮೇಲೆ. ಕಾಂಟ್ರಾ ದುಡ್ಡಿನ ವಿಷಯ ಬೇಕಂತಲೇ ಅಧ್ಯಕ್ಷರಿಗೆ ಹೇಳಲಿಲ್ಲ ಅಂದರು. ನಾಳೆ ಯಾರಾದರೂ ಕೇಳಿದರೆ ಅವರು ಗೊತ್ತಿಲ್ಲ ಅನ್ನಬಹುದಲ್ಲ."

"ಇದೇನು ದೊಡ್ಡ ವಿದ್ಯೆ? ನಮ್ಮನೆಯವರು ಮದುವೆಯಾದಾಗಿಂದ ಇದನ್ನೇ ಮಾಡ್ತಿದ್ದಾರೆ. ‘ಸೀರೆ ತಗೋ, ನನಗೆ ಹೇಳಬೇಡ, ಅಮ್ಮ ಕೇಳಿದರೆ ಗೊತ್ತಿಲ್ಲ ಅಂತೀನಿ.’"

ಕಿಟ್ಟಿಗೆ ತಡೆಯಲಾಗಲಿಲ್ಲ. "ಅದೆಲ್ಲ ಇರಲಿ ಮೇಷ್ಟ್ರೇ. ಶತ್ರುವಿಗೆ ಕ್ಷಿಪಣಿ ಮಾರಿದ್ದಾರೆ. ದೇಶದ್ರೋಹ ಅಂತ ಎಷ್ಟು ಜನರ ಮೇಲೆ ಕೇಸ್ ಹಾಕಿದ್ರು?"

"ಒಬ್ಬರ ಮೇಲೂ ಇಲ್ಲ."

"ಒಬ್ಬರ ಮೇಲೂ?"

"ಆ ಪದಕ್ಕೆ ಅವರ ಸಂವಿಧಾನದಲ್ಲಿ ಬೀಗ ಹಾಕಿಟ್ಟಿದ್ದಾರೆ. ದೇಶದ ಮೇಲೆ ಯುದ್ಧ ಹೂಡಿರಬೇಕು, ಇಲ್ಲ ಶತ್ರುವಿನ ಪಕ್ಷ ಸೇರಿ ನೆರವು ಕೊಟ್ಟಿರಬೇಕು. ಒಂದೇ ಕೃತ್ಯವನ್ನ ಇಬ್ಬರು ಕಣ್ಣಾರೆ ಕಂಡು ಸಾಕ್ಷಿ ಹೇಳಬೇಕು, ಇಲ್ಲ ತಾನೇ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕು. ರಾಜನಿಗೆ ಆಗದವರೆಲ್ಲ ದ್ರೋಹಿಗಳಾಗೋದನ್ನ ಇಂಗ್ಲೆಂಡಿನಲ್ಲಿ ಕಂಡಿದ್ದವರು ಬರೆದದ್ದು ಅದು. ನಮ್ಮ ಸೀನನಿಗೆ ಅಷ್ಟೆಲ್ಲ ಬೇಡ. ಒಂದು ಹೆಬ್ಬೆರಳು, ಮೂರು ಬಾವುಟ."

"ಹಾಗಾದರೆ ಶಿಕ್ಷೆಯೇ ಆಗಲಿಲ್ವಾ?" ಅಂದ ಸೀನ. ದನಿಯಲ್ಲಿ ಸ್ವಲ್ಪ ಆಸೆ ಇತ್ತು.

"ಸುಳ್ಳು ಹೇಳಿದ್ದಕ್ಕೆ, ತನಿಖೆಗೆ ಅಡ್ಡ ಬಂದಿದ್ದಕ್ಕೆ, ಹೀಗೆ ಬೇರೆ ಬೇರೆ ಕಾರಣಕ್ಕೆ 14 ಜನರ ಮೇಲೆ ಕೇಸಾಯಿತು. 11 ಜನ ತಪ್ಪಿತಸ್ಥರು ಅಂತಲೂ ಆಯಿತು. ಮೇಲ್ಮನವಿಯಲ್ಲಿ ನಾರ್ತ್ ಪಾರಾದರು, ಪಾಯಿಂಡೆಕ್ಸ್‌ಟರೂ ಪಾರಾದರು. ನಿಮ್ಮ ಮಾತನ್ನ ನಿಮ್ಮ ವಿರುದ್ಧ ಬಳಸಲ್ಲ ಅಂತ ಸಂಸತ್ತು ಅಭಯ ಕೊಟ್ಟು ಮಾತಾಡಿಸಿತ್ತಲ್ಲ, ಅದೇ ಅವರನ್ನ ಕಾಪಾಡಿತು. ಇನ್ನು 6 ಜನಕ್ಕೆ ಅಧ್ಯಕ್ಷ ಬುಷ್ 1992ರ ಡಿಸೆಂಬರ್ 24ರಂದು ಕ್ಷಮಾದಾನ ಕೊಟ್ಟರು. ಮಾರನೇ ದಿನ ಕ್ರಿಸ್‌ಮಸ್. ಹಗರಣದ ಕಾಲಕ್ಕೆ ಅದೇ ಬುಷ್ ಉಪಾಧ್ಯಕ್ಷರು. ಜೈಲಿಗೆ ಹೋಗಿ ಶಿಕ್ಷೆ ಅನುಭವಿಸಿದವನು ಒಬ್ಬನೇ. ಯಾಕೆ ಗೊತ್ತಾ? ಇನ್‌ಕಮ್ ಟ್ಯಾಕ್ಸ್ ಸರಿಯಾಗಿ ಕಟ್ಟಿರಲಿಲ್ಲ."

ಎಲ್ಲರೂ ನಕ್ಕೆವು. ಬೆಕ್ಕು ಎದ್ದು, ಮೈ ಮುರಿದು, ಮತ್ತೆ ಅಲ್ಲೇ ಮಲಗಿತು.

"ನಗೋದೇನೋ ಸರಿ," ಅಂದರು ಮೇಷ್ಟ್ರು. "ಇಲ್ಲಿ 1994ರಲ್ಲಿ ಇಸ್ರೋ ರಹಸ್ಯ ಮಾರಿದರು ಅಂತ ಅಲ್ಲಿನ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನ ಹಿಡಿದು 50 ದಿನ ಒಳಗೆ ಹಾಕಿದರು. ಮಾರಿದ್ದು ಏನೂ ಇರಲಿಲ್ಲ. ಊರೆಲ್ಲ ದೇಶದ್ರೋಹಿ ಅಂದಿತ್ತು. ಸುಪ್ರೀಂ ಕೋರ್ಟ್ 50 ಲಕ್ಷ ಪರಿಹಾರ ಕೊಡಿ ಅಂದಾಗ 2018. ಅದೇ ಕೇಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಚಂದ್ರಶೇಖರ್ ಇದೇ ಬೆಂಗಳೂರಿನಲ್ಲಿದ್ದರು. ತೀರ್ಪು ಬಂದಾಗ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಎರಡು ದಿನಕ್ಕೆ ಹೋಗಿಬಿಟ್ಟರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ನಾನು ಅಳಿಸಿದ್ದೆ ಅಲ್ವಾ," ಅಂದ ಸೀನ, ಯಾರ ಕಡೆಗೂ ನೋಡದೆ.

"ಅಳಿಸಿದ್ದೆ ಕಣೋ," ಅಂದ ಕಿಟ್ಟಿ.

"ಅಮೆರಿಕದವರದ್ದು ಮೊದಲು ಬಯಲಾಗಿದ್ದು ಹೇಗೆ ಗೊತ್ತಾ?" ಅಂದರು ಮೇಷ್ಟ್ರು. "ಪತ್ರಿಕೆಗಿಂತ ಒಂದು ತಿಂಗಳು ಮುಂಚೆ, ಅಕ್ಟೋಬರ್ 5ಕ್ಕೆ, ಕಾಂಟ್ರಾಗಳಿಗೆ ಸಾಮಾನು ಒಯ್ಯುತ್ತಿದ್ದ ವಿಮಾನವನ್ನ ನಿಕರಾಗುವಾದವರು ಹೊಡೆದು ಉರುಳಿಸಿದರು. ನಾಲ್ವರಲ್ಲಿ ಮೂವರು ಸತ್ತರು. ಪ್ಯಾರಾಚೂಟ್ ಕಟ್ಟಿಕೊಂಡಿದ್ದ ಹಾಸೆನ್‌ಫಸ್ ಒಬ್ಬ ಬದುಕಿದ. ವಿಮಾನದ ಬಾಗಿಲಿಂದ ಮೂಟೆ ತಳ್ಳುವ ಕೆಲಸ ಅವನದ್ದು. ಸಿಕ್ಕಿಬಿದ್ದ, ಬಾಯಿಬಿಟ್ಟ. ನಮ್ಮವನು ಅಂತ ವಾಷಿಂಗ್ಟನ್ನಿನಲ್ಲಿ ಯಾರೂ ಒಪ್ಪಲಿಲ್ಲ."

"ನಮ್ಮ ಸೆಕ್ಯೂರಿಟಿ ಹಾಗೆ," ಅಂದರು ಪದ್ದಕ್ಕ.

ಹೌದು. ಗೇಟ್ ರಿಜಿಸ್ಟರಿನಲ್ಲಿ ಬರೆದವನು ಅವನೇ. ಹೊರಗೆ ಹೋಗೋದನ್ನೆಲ್ಲ ಬರೀಬೇಕು ಅಂತ ನಾವೇ ಹೇಳಿದ್ದೆವು. ಬರೆದ. ಮುಂದಿನ ವಾರ ಅವನ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ.

"ರಾಯಚೂರು ಕಡೆಯವನು ಅಲ್ವಾ?" ಅಂದ ಕಿಟ್ಟಿ. "ಮಗಳು ಪಿಯುಸಿ ಅಂತಿದ್ದ."

"ನನಗೆ ಸಿಲಿಂಡರ್ ಮೇಲೆ ತಂದು ಕೊಡ್ತಿದ್ದ. ಲಿಫ್ಟ್ ಇಲ್ಲದಾಗಲೂ."

"ಏನವನ ಹೆಸರು?" ಅಂದರು ಮೇಷ್ಟ್ರು.

ಸೀನ ಕಿಟ್ಟಿಯ ಕಡೆ ತಿರುಗಿದ. ಕಿಟ್ಟಿ ಪದ್ದಕ್ಕನ ಕಡೆ. ಎರಡು ವರ್ಷ ಇದ್ದ ಮನುಷ್ಯ.

"ನನಗೂ ನೆನಪಿಲ್ಲ," ಅಂದರು ಮೇಷ್ಟ್ರು.

"ತಾಳಿ, ಆ ಪುಟದ ಫೋಟೋ ನನ್ನ ಹತ್ರ ಇದೆ," ಅಂತ ಪದ್ದಕ್ಕ ಮೊಬೈಲ್ ತೆಗೆದರು. ಒಗ್ಗರಣೆ, ಮೊಮ್ಮಗ, ಸ್ಕ್ರೀನ್‌ಶಾಟು, ಸ್ಕ್ರೀನ್‌ಶಾಟು, ಎಲ್ಲ ದಾಟಿ ಸಿಕ್ಕಿತು. ನಾಲ್ಕು ತಲೆ ಒಂದೇ ಬೆಳಕಿಗೆ ಬಗ್ಗಿದೆವು. ನೀಲಿ ಶಾಯಿ, ದುಂಡಗಿನ ಅಕ್ಷರ. ‘ರಾತ್ರಿ 11:40. ಟೆಂಪೋ. ಜನರೇಟರ್ 1, ಹೊರಗೆ. ಹೇಳಿದವರು: ಪ್ರೆಸಿಡೆಂಟ್ ಸರ್.’ ಪಕ್ಕದಲ್ಲಿ ಬರೆದವರ ಹೆಸರಿನ ಕಾಲಂ. ಅದರಲ್ಲೂ ಅಷ್ಟೇ ದುಂಡಗೆ ಬರೆದಿದ್ದ: ‘ಸೆಕ್ಯೂರಿಟಿ.’

ಪದ್ದಕ್ಕ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿದರು, ಕುಗ್ಗಿಸಿದರು, ಮತ್ತೆ ಹಿಗ್ಗಿಸಿದರು. ಮೊಬೈಲಿನ ದೀಪ ಆರಿತು. ಕಾಂಪೌಂಡಿನ ಆಚೆ ನಮ್ಮ ಜನರೇಟರ್ ಗುಡುಗುಡು ಅನ್ನುತ್ತಲೇ ಇತ್ತು.