ಸಣ್ಣ ಕಾಲೇಜಿನ ಈಜು: ಎರಡು ತಂಡಗಳಿಗೂ ಒಬ್ಬರೇ ತರಬೇತುದಾರರಿದ್ದರೆ?

ಪ್ರಶ್ನೆ:
ನಮ್ಮ ಮಗಳು ಅಮೆರಿಕದ ಒಂದು ಸಣ್ಣ ಕಾಲೇಜಿಗೆ ಸೇರುವ ಯೋಚನೆಯಲ್ಲಿದ್ದಾಳೆ. ಅದು ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಮೂರನೇ ಡಿವಿಷನ್‌ಗೆ (ವಿಭಾಗಕ್ಕೆ) ಸೇರಿದೆ. ಅಲ್ಲಿ ಪುರುಷರ ಮತ್ತು ಮಹಿಳೆಯರ ಈಜು ತಂಡಗಳು ಒಂದೇ ಕೊಳದಲ್ಲಿ, ಒಂದೇ ಹೊತ್ತಿನಲ್ಲಿ, ಒಬ್ಬರೇ ಮುಖ್ಯ ತರಬೇತುದಾರರ ಬಳಿ ಅಭ್ಯಾಸ ಮಾಡುತ್ತವೆ. ಮಹಿಳಾ ತಂಡ ಚಿಕ್ಕದು. ಅವಳಿಗೆ ಸಾಕಷ್ಟು ಗಮನ ಸಿಕ್ಕೀತೇ? ಕ್ರೀಡಾ ವಿದ್ಯಾರ್ಥಿವೇತನ ಸಿಗುವುದೇ? ಅವಳ 100 ಮೀಟರ್ ಸಮಯ ಕಳಿಸಿದರೆ ಗಜಗಳ ಸಮಯ ಕೇಳಿದ್ದಾರೆ, ಅದೇಕೆ?

ಉತ್ತರ 1:
ಮೂರನೇ ಡಿವಿಷನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ನಿಯಮದಲ್ಲೇ ಅವಕಾಶವಿಲ್ಲ. ಓದಿನ ಅಂಕ ಅಥವಾ ಕುಟುಂಬದ ಆದಾಯ ನೋಡಿ ಕೊಡುವ ನೆರವಿದ್ದರೆ ಅದನ್ನು ಪ್ರವೇಶ ವಿಭಾಗದಲ್ಲಿ ವಿಚಾರಿಸಿ. ಇನ್ನು ಗಜಗಳ ವಿಷಯ: ಅಲ್ಲಿನ ಕಾಲೇಜು ಸ್ಪರ್ಧೆಗಳು 25 ಗಜದ ಕೊಳದಲ್ಲಿ ನಡೆಯುತ್ತವೆ. 100 ಗಜವೆಂದರೆ 91.44 ಮೀಟರ್ ಮಾತ್ರ. ಅಲ್ಲದೆ 50 ಮೀಟರ್ ಕೊಳದಲ್ಲಿ ಒಂದೇ ತಿರುವಿರುವ ಸ್ಪರ್ಧೆಗೆ ಅಲ್ಲಿ ಮೂರು ತಿರುವುಗಳಿರುತ್ತವೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಗೋಡೆಯನ್ನು ಒದ್ದು ನೀರಿನಡಿಯಲ್ಲಿ 15 ಮೀಟರ್‌ವರೆಗೆ ಸಾಗಬಹುದಾದ್ದರಿಂದ, ತಿರುವು ಚುರುಕಾಗಿರುವವರಿಗೆ ಇದರಿಂದ ಲಾಭ ಹೆಚ್ಚು. ಹೀಗಾಗಿ ಪರಿವರ್ತಿಸಿದ ಸಮಯ ಬರೀ ಅಂದಾಜು. ಅದರ ಜೊತೆಗೆ ಅವಳ ತಿರುವಿನ ವಿಡಿಯೊ ಒಂದನ್ನು ಕಳಿಸುವುದು ಒಳ್ಳೆಯದು.

ಉತ್ತರ 2:
ಒಬ್ಬರೇ ತರಬೇತುದಾರರಿರುವುದು ತನ್ನಷ್ಟಕ್ಕೆ ಕೊರತೆಯೇನಲ್ಲ. ಓಹಾಯೊ ರಾಜ್ಯದ ಕೆನ್ಯನ್ ಕಾಲೇಜು ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಸಂಸ್ಥೆ. ಅದರ ಪುರುಷರ ತಂಡ 1980ರಿಂದ 2010ರವರೆಗೆ ಸತತ 31 ಬಾರಿ ಮೂರನೇ ಡಿವಿಷನ್‌ನ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮಹಿಳೆಯರೂ 1984ರಿಂದ 2000ದವರೆಗೆ ಸತತವಾಗಿ ಗೆದ್ದರು. ಆ ವರ್ಷಗಳ ಬಹುಭಾಗ ಎರಡೂ ತಂಡಗಳ ಹೊಣೆ ಹೊತ್ತವರು ಜಿಮ್ ಸ್ಟೀನ್. 2011ರಲ್ಲಿ ಪುರುಷರ ಓಟಕ್ಕೆ ತಡೆಯೊಡ್ಡಿದ್ದು ಅದೇ ರಾಜ್ಯದ ಇನ್ನೊಂದು ಸಣ್ಣ ಸಂಸ್ಥೆಯಾದ ಡೆನಿಸನ್, ಅದೂ 500.5ಕ್ಕೆ 499.5ರ ಅಂತರದಲ್ಲಿ! ಎಲ್ಲ ಸಣ್ಣ ಕಾಲೇಜುಗಳೂ ಹೀಗಿರುತ್ತವೆಂದು ನಾನು ಹೇಳುತ್ತಿಲ್ಲ.

ಉತ್ತರ 3:
ಗಮನ ಹಂಚಿಹೋಗುವುದಕ್ಕಿಂತ ತಂಡ ಚಿಕ್ಕದಾಗಿರುವುದನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಅಭ್ಯಾಸ ಒಟ್ಟಿಗೇ ಆದರೂ ಅಂಕಗಳ ಲೆಕ್ಕ ಪುರುಷರದೇ ಬೇರೆ, ಮಹಿಳೆಯರದೇ ಬೇರೆ. ಎರಡು ಕಾಲೇಜುಗಳು ಮುಖಾಮುಖಿಯಾದಾಗ ಆರು ಲೇನಿನ ಕೊಳದಲ್ಲಿ ವೈಯಕ್ತಿಕ ಸ್ಪರ್ಧೆಗೆ ಸಾಮಾನ್ಯವಾಗಿ 9, 4, 3, 2, 1ರಂತೆ ಅಂಕ ಕೊಡುತ್ತಾರೆ. ನಿಮ್ಮ ಮಗಳು ಮೊದಲಿಗಳಾಗಿ 9 ಅಂಕ ತಂದರೂ, ಅವಳ ಹಿಂದಿನ ಮೂರು ಸ್ಥಾನಗಳು ಎದುರಾಳಿಗಳ ಪಾಲಾದರೆ ಅವರಿಗೂ 9 ಅಂಕ ಬರುತ್ತದೆ. ಡೈವಿಂಗ್‌ನ ಅಂಕಗಳೂ ಈಜು ತಂಡದ ಲೆಕ್ಕಕ್ಕೇ ಸೇರುತ್ತವೆ; ಡೈವಿಂಗ್ ಮಾಡುವವರು ಇಲ್ಲದಿದ್ದರೆ ಆ ಅಂಕಗಳೂ ಕೈಬಿಟ್ಟಂತೆಯೇ. ಇನ್ನೊಂದೆಡೆ, ಚಿಕ್ಕ ತಂಡದಲ್ಲಿ ಮೊದಲ ವರ್ಷದಲ್ಲೇ ರಿಲೇಯಲ್ಲಿ ಸ್ಥಾನ ಸಿಗುವ ಸಾಧ್ಯತೆ ಹೆಚ್ಚು. ದೊಡ್ಡ ತಂಡದಲ್ಲಿ ಅದಕ್ಕಾಗಿ ಕಾಯಬೇಕಾದೀತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕಾಲೇಜು ನೋಡಲು ಹೋದಾಗ ಏನನ್ನು ಗಮನಿಸಬೇಕು?

ಉತ್ತರ 3:
ಅಭ್ಯಾಸದ ಹೊತ್ತಿಗೇ ಹೋಗಿ. ಒಂದೊಂದು ಲೇನಿನಲ್ಲಿ ಎಷ್ಟು ಮಂದಿ ಈಜುತ್ತಿದ್ದಾರೆ, ಲೇನುಗಳನ್ನು ವೇಗಕ್ಕೆ ತಕ್ಕಂತೆ ಹಂಚಿದ್ದಾರೆಯೇ ಅಥವಾ ಗಂಡು ಹೆಣ್ಣೆಂದು ಹಂಚಿದ್ದಾರೆಯೇ, ಸಹಾಯಕ ತರಬೇತುದಾರರು ಪೂರ್ಣಾವಧಿಯವರೇ ಎಂಬುದನ್ನು ನೋಡಿ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಕೊನೆಯ ವರ್ಷದವರೆಗೆ ತಂಡದಲ್ಲಿ ಉಳಿಯುತ್ತಾರೆಂದು ಅಲ್ಲಿನ ಈಜುಗಾರ್ತಿಯರನ್ನೇ ಕೇಳಿ.