‘ಕನ್ಸೀಲ್ಡ್ ಕ್ಯಾರಿ’ಗೆ ಕನ್ನಡದಲ್ಲಿ ಏನು ಹೇಳೋಣ? (ಬೋರ್ಡಿಗೆ ಬೇಕು, ಸ್ವಲ್ಪ ಅರ್ಜೆಂಟು)

ಶಿಕಾಗೋದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಹೊಸ ಸಭಾಭವನದ ಬಾಗಿಲಿಗೆ ಪಿಸ್ತೂಲು ತರಬಾರದು ಅನ್ನುವ ಬೋರ್ಡ್ ಹಾಕಬೇಕು. ಇಲಿನಾಯ್ ಕಾನೂನಿನಲ್ಲಿ ಜಾಗದ ಮಾಲೀಕರು ಬೇಡ ಅನ್ನಬಹುದು, ಆದರೆ ಬೋರ್ಡ್ ಇರಲೇಬೇಕು. ಜೊತೆಗೆ ಸದಸ್ಯರಿಗೆ ಅರ್ಧ ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. ‘ಕನ್ಸೀಲ್ಡ್ ಕ್ಯಾರಿ’ ಅಂದರೆ ಪಿಸ್ತೂಲನ್ನು ಹೊರಗೆ ಕಾಣದ ಹಾಗೆ ಮೈಮೇಲೆ ಇಟ್ಟುಕೊಂಡು ಓಡಾಡುವುದು. 2011ರಲ್ಲಿ ಪಕ್ಕದ ವಿಸ್ಕಾನ್ಸಿನ್ ಒಪ್ಪಿಕೊಂಡ ಮೇಲೆ, ಇದಕ್ಕೆ ಅವಕಾಶವೇ ಕೊಡದ ರಾಜ್ಯ ಅಂತ ಉಳಿದದ್ದು ಇಲಿನಾಯ್ ಒಂದೇ. ಶಿಕಾಗೋ ಕಡೆಯವರು ಬೇಡ ಅಂದರೆ ದಕ್ಷಿಣದ ಹಳ್ಳಿಗಾಡಿನವರು ಬೇಕೇ ಬೇಕು ಅಂತಿದ್ದರು. ಅವರ ಪರವಾಗಿ ಮಸೂದೆ ಹಿಡಿದು ನಿಂತವರು ಆ ಕಡೆಯ ಶಾಸಕ ಬ್ರ್ಯಾಂಡನ್ ಫೆಲ್ಪ್ಸ್. 2012ರ ಡಿಸೆಂಬರಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ನಿಷೇಧವನ್ನು ಹೊಡೆದುಹಾಕಿ, ಹೊಸ ಕಾನೂನು ಮಾಡಲು 180 ದಿನ ಕೊಟ್ಟಿತು. ಗವರ್ನರ್ ಪ್ಯಾಟ್ ಕ್ವಿನ್ ತಿದ್ದುಪಡಿ ಬೇಕು ಅಂತ ಮಸೂದೆ ವಾಪಸ್ ಕಳಿಸಿದರು. ಶಾಸನಸಭೆ ಕೇಳಲಿಲ್ಲ, 2013ರ ಜುಲೈ 9ರಂದು ಕಾಯ್ದೆ ಆಯಿತು. ಲೈಸೆನ್ಸ್ ಬೇಕಾದರೆ 21 ವರ್ಷ ತುಂಬಿರಬೇಕು, 16 ಗಂಟೆ ತರಬೇತಿ ಆಗಿರಬೇಕು.

ನಾನು ‘ಗುಪ್ತ ಶಸ್ತ್ರಧಾರಣೆ’ ಅಂತ ಬರೆದಿದ್ದೆ. ಓದಿದರೆ ಯಕ್ಷಗಾನ ಪ್ರಸಂಗದ ಹೆಸರಿನ ಹಾಗಿದೆ. ಬೇರೆ ಪದ ಕೊಡಿ.

ಧಾರವಾಡದಿಂದ:

ಗುಪ್ತ ಬೇಡ, ಶಸ್ತ್ರ ಬೇಡ, ಧಾರಣೆಯಂತೂ ಬೇಡವೇ ಬೇಡ. ಮರೆ + ಕೋವಿ = ಮರೆಗೋವಿ. ಮುಗೀತು.

ಮಡಿಕೇರಿಯಿಂದ:

ಎಲ್ಲಿ ಮುಗಿಯಿತು ಸಾರ್? ನಮ್ಮಲ್ಲಿ ಕೋವಿ ಅಂದರೆ ಉದ್ದದ್ದು. ಕೈಲ್ ಮುಹೂರ್ತದ (ನಮ್ಮ ಆಯುಧಪೂಜೆಯ ಹಬ್ಬ) ದಿನ ಸಾಲಾಗಿ ನಿಲ್ಲಿಸಿ, ನಳಿಗೆಯ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವಲ್ಲ, ಅದು. ಅದನ್ನು ಯಾವ ಅಂಗಿಯೊಳಗೆ ಮರೆಸುತ್ತೀರಿ? ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಬಚ್ಚಿಡುವ ದರ್ದು ನಮಗಿಲ್ಲ. ಇನ್ನು ‘ಮರೆಗೋವಿ’ ಅಂದರೆ ಮರೆಯಲ್ಲಿ ಕೂತು ಹಂದಿಗೆ ಗುರಿಯಿಟ್ಟ ಕೋವಿ ಅಂತಲೇ ಇಲ್ಲಿಯವರು ತಿಳಿಯುತ್ತಾರೆ.

ಧಾರವಾಡದಿಂದ:

ಕೋವಿ ಕೊಳವಿಯ ಕುಲದ್ದು. ಕೊಳವಿಗೆ ಉದ್ದ ಗಿಡ್ಡ ಅಂತಿಲ್ಲ. ಬೇಕಿದ್ದರೆ ಕೈಗೋವಿ ಅನ್ನಿ. ಬಂದೂಕು ಅರಬ್ಬಿಯಿಂದ ಬಂತು, ಪಿಸ್ತೂಲು ಯುರೋಪಿನಿಂದ. ಮನೆಯಲ್ಲಿ ಪದ ಇರುವಾಗ ಕಡ ಯಾಕೆ?

ಮೈಸೂರಿನಿಂದ:

ಶುರುವಾಯಿತು. ಮೇಷ್ಟ್ರೇ, ಹಾಗಾದರೆ ಕಾಗದ ಬಿಡಿ, ಕುರ್ಚಿ ಬಿಡಿ, ‘ಕಾನೂನು’ ಅಂತೂ ಮೊದಲು ಬಿಡಿ. ಪೊಲೀಸರು ‘ಪಿಸ್ತೂಲು ವಶ’ ಅಂತಾರೆ, ಪೇಪರಿನವರು ಅದನ್ನೇ ಬರೆಯುತ್ತಾರೆ, ಓದುವವರಿಗೆ ತಿಳಿಯುತ್ತದೆ. ಕೈಗೋವಿ ಅಂದರೆ ಹೋಳಿ ಪಿಚಕಾರಿ ಅಂದುಕೊಳ್ಳುವವರೇ ಜಾಸ್ತಿ.

ಧಾರವಾಡದಿಂದ:

ಪಿಚಕಾರಿಯೂ ಕಡವೇ.

ಹ್ಯೂಸ್ಟನ್‌ನಿಂದ:

ಇಬ್ಬರೂ ಸ್ವಲ್ಪ ತಡೆಯಿರಿ. ಅವರಿಗೆ ಪದ ಈಗ ಬೇಕು.

ಇಲಿನಾಯ್ ಕಾಯ್ದೆ ಕೇಳುವುದು ಪಿಸ್ತೂಲು ‘ಪೂರ್ತಿ ಅಥವಾ ಬಹುಮಟ್ಟಿಗೆ’ ಜನರ ಕಣ್ಣಿಗೆ ಬೀಳದ ಹಾಗೆ ಇರಲಿ ಅಂತ. ಅಂಗಿಯ ಅಂಚಿನಿಂದ ಹಿಡಿ ಒಂಚೂರು ಇಣುಕಿದರೂ ನಡೆಯುತ್ತದೆ. ಲೈಸೆನ್ಸ್ ಕೊಟ್ಟವರ ಪಟ್ಟಿ ಸರ್ಕಾರದ ಹತ್ತಿರವೇ ಇದೆ. ಇದರಲ್ಲಿ ಗುಪ್ತ ಎಲ್ಲಿ ಬಂತು? ನಾವು ದುಡ್ಡನ್ನು ಒಳಜೇಬಿನಲ್ಲಿ ಇಟ್ಟುಕೊಂಡರೆ ಗುಪ್ತಧನ ಅನ್ನುತ್ತೇವಾ? ಇದಕ್ಕೊಂದು ನಾಮಪದ ಹೊಸೆಯಲೇಬೇಕು ಅಂತ ಯಾಕೆ ಹಟ? ಕನ್ನಡದಲ್ಲಿ ಕ್ರಿಯಾಪದ ಇಟ್ಟರೆ ಕೆಲಸ ಆಗುತ್ತದೆ. ‘ಪಿಸ್ತೂಲನ್ನು ಉಡುಪಿನೊಳಗೆ ಇಟ್ಟುಕೊಂಡು ಓಡಾಡಲು ಲೈಸೆನ್ಸ್’ ಅಂತ ಟಿಪ್ಪಣಿಯಲ್ಲಿ ಒಮ್ಮೆ ಬರೆಯಿರಿ, ಆಮೇಲೆ ಬರೀ ‘ಲೈಸೆನ್ಸ್’ ಸಾಕು.

ಬೋರ್ಡಿನಲ್ಲಂತೂ ಮರೆ, ಗುಪ್ತ ಎರಡೂ ಬೇಡ. ‘ಮರೆಸಿ ತರಬೇಡಿ’ ಅಂದರೆ ತೋರಿಸಿಕೊಂಡು ಬನ್ನಿ ಅಂದ ಹಾಗಲ್ವಾ? ನಮ್ಮ ಟೆಕ್ಸಸ್‌ನಲ್ಲಿ ಆ ವ್ಯತ್ಯಾಸ ಬೇಕು. ಇಲ್ಲಿ 2016ರಿಂದ ಕಾಣುವ ಹಾಗೆ ಒಯ್ಯುವುದಕ್ಕೂ ಅವಕಾಶ ಇದೆ. ಹಾಗಾಗಿ ಮರೆಸಿದ್ದಕ್ಕೆ ಇಲ್ಲಿಯ ದಂಡಸಂಹಿತೆಯ 30.06ನೇ ಸೆಕ್ಷನ್ನಿನ ಬೋರ್ಡು, ಕಾಣುವುದಕ್ಕೆ 30.07ರ ಬೋರ್ಡು. ಎರಡೂ ಇಂಗ್ಲಿಷು, ಸ್ಪ್ಯಾನಿಷಿನಲ್ಲಿ, ಒಂದಿಂಚು ಎತ್ತರದ ಅಕ್ಷರದಲ್ಲಿ. ನಿಮ್ಮಲ್ಲಿ ಹಾಗಿಲ್ಲ, ಕಾಣುವ ಹಾಗೆ ಒಯ್ಯುವುದಕ್ಕೆ ಅವಕಾಶವೇ ಇಲ್ಲ.

ಇನ್ನೊಂದು ವಿಷಯ, ಪದಕ್ಕಿಂತ ಮುಖ್ಯ. ನಿಮ್ಮ ರಾಜ್ಯದ ಬೋರ್ಡಿನ ಅಳತೆ 4 x 6 ಇಂಚು. ಬಿಳಿ ಹಿನ್ನೆಲೆ, ಕಪ್ಪು ಪಿಸ್ತೂಲು, ಅದರ ಸುತ್ತ 4 ಇಂಚಿನ ಕೆಂಪು ವೃತ್ತ, ಮೇಲೆ ಅಡ್ಡಗೀಟು. ಚಿತ್ರದ ಸುತ್ತ ಒಂದಿಂಚು ಜಾಗದಲ್ಲಿ ಕಾಯ್ದೆಯ ಸಂಖ್ಯೆ ಬಿಟ್ಟು ಬೇರೆ ಅಕ್ಷರ ಇರಬಾರದು. ಕನ್ನಡ ಸಾಲನ್ನು ಕೆಳಗೆ ಬೇರೆ ಹಲಗೆಯಲ್ಲಿ ಹಾಕಿ.

ಶಿಕಾಗೋದಿಂದ:

ಉಪಕಾರ ಆಯಿತು. ‘ಪಿಸ್ತೂಲು ಒಳಗೆ ತರಬಾರದು’ ಅಂತ ಬೇರೆ ಹಲಗೆಗೆ ಹೇಳಿದ್ದೇನೆ. ಕಮಿಟಿಯವರೊಬ್ಬರು ‘ದಯವಿಟ್ಟು’ ಸೇರಿಸಿ ಅಂತಿದ್ದಾರೆ. ಸೇರಿಸಲಾ?

ಮಡಿಕೇರಿಯಿಂದ:

ಬೇಡ. ಇದು ಚಪ್ಪಲಿ ಬಿಡುವ ಜಾಗದ ಬೋರ್ಡಲ್ಲ.

ಧಾರವಾಡದಿಂದ:

‘ದಯ’ವೂ ಸಂಸ್ಕೃತದ್ದೇ, ತೆಗೆಯಿರಿ. ‘ಪಿಸ್ತೂಲು’ ಉಳಿಸಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.