ಪದಚರ್ಚೆ: ಫುಟ್‌ಬಾಲ್ ಶಿಕ್ಷೆಯ ಸುದ್ದಿಗಳಲ್ಲಿ ‘ಪಕ್ಷಪಾತ’, ‘ತಾರತಮ್ಯ’, ‘ನಿಂದನೆ’

ಪ್ರಶ್ನೆ:
ಇಂಗ್ಲೆಂಡಿನ ಫುಟ್‌ಬಾಲ್ ಶಿಸ್ತುಕ್ರಮಗಳ ಬಗ್ಗೆ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅವಮಾನಕರ ಮಾತಿಗಾಗಿ ಲೂಯಿಸ್ ಸುವಾರೆಜ್‌ಗೆ 8, ಜಾನ್ ಟೆರಿಗೆ 4, ಎಡಿನ್ಸನ್ ಕವಾನಿಗೆ 3 ಪಂದ್ಯಗಳ ನಿಷೇಧ ಬಿತ್ತು. ಈ ಏರುಪೇರನ್ನು ‘ಪಕ್ಷಪಾತ’ ಎನ್ನಬಹುದೇ, ‘ತಾರತಮ್ಯ’ ಎನ್ನಬೇಕೇ? ಮೂವರ ತಪ್ಪಿಗೂ ‘ಜನಾಂಗೀಯ ನಿಂದನೆ’ ಎಂಬ ಒಂದೇ ಪದ ಸಾಕೇ?

ಉತ್ತರ:
ಸಾಲದು. ಮೊದಲ ಪ್ರಶ್ನೆಯ ಗೊಂದಲ ಹುಟ್ಟುವುದೂ ಈ ‘ನಿಂದನೆ’ಯಿಂದಲೇ. ಕನ್ನಡದಲ್ಲಿ ನಿಂದನೆ ಎಂದರೆ ನಿಂದಿಸುವ ಮನಸ್ಸು ಇದ್ದೇ ಇದೆ ಎಂದು ಓದುಗರು ತಿಳಿಯುತ್ತಾರೆ. ಸುವಾರೆಜ್ ವಿಷಯದಲ್ಲಿ ಅದು ಹೊಂದುತ್ತದೆ. 2011ರ ಅಕ್ಟೋಬರ್ 15ರಂದು ಆನ್‌ಫೀಲ್ಡ್ ಮೈದಾನದಲ್ಲಿ ಎದುರಾಳಿ ಆಟಗಾರ ಪಟ್ರೀಸ್ ಎವ್ರಾ ಜೊತೆ ಜಗಳವಾಡುತ್ತ ‘ನೆಗ್ರೊ’ (ಸ್ಪ್ಯಾನಿಷ್‌ನಲ್ಲಿ ‘ಕರಿಯ’) ಎಂದು ಏಳು ಸಲ ಅಂದರು ಎಂಬುದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನೇಮಿಸಿದ ಆಯೋಗದ ತೀರ್ಮಾನ. ಅಂದಿದ್ದು ಒಂದೇ ಸಲ, ಅದೂ ರಾಜಿಯ ಧಾಟಿಯಲ್ಲಿ ಎಂದು ಸುವಾರೆಜ್ ವಾದಿಸಿದ್ದರು. ಆಯೋಗ ಕೇಳಿಸಿಕೊಂಡ ಭಾಷಾತಜ್ಞರ ಮಾತು ನಮ್ಮಂಥವರು ಗಮನಿಸಬೇಕಾದದ್ದು: ಸುವಾರೆಜ್ ಅವರ ದೇಶ ಉರುಗ್ವೆಯ ಸ್ಪ್ಯಾನಿಷ್‌ನಲ್ಲಿ ಆ ಪದ ಸಲುಗೆಯ ಕರೆಯೂ ಆಗಬಹುದು, ಬೈಗುಳವೂ ಆಗಬಹುದು, ಎವ್ರಾ ಹೇಳಿದ ರೀತಿಯಲ್ಲೇ ಬಳಸಿದ್ದರೆ ಅಲ್ಲಿನವರಿಗೂ ಅದು ಬೈಗುಳವೇ.

ಉರುಗ್ವೆಯವರೇ ಆದ ಕವಾನಿ ಮಾಡಿದ್ದು ಬೇರೆ. 2020ರ ನವೆಂಬರ್‌ನಲ್ಲಿ ಸೌತಾಂಪ್ಟನ್ ಮೇಲೆ ಗೆದ್ದಾಗ ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಂನಲ್ಲಿ ‘ಗ್ರಾಸಿಯಾಸ್ ನೆಗ್ರಿತೊ’ (‘ಧನ್ಯವಾದ, ಕರಿಯಾ’) ಎಂದು ಬರೆದರು. ನೋಯಿಸುವ ಉದ್ದೇಶ ಇರಲಿಲ್ಲವೆಂದು ಆಯೋಗವೇ ಒಪ್ಪಿತು. ಆದರೂ 3 ಪಂದ್ಯ, 1 ಲಕ್ಷ ಪೌಂಡ್ ದಂಡ. ನಡತೆಯ ಕುರಿತ ಎಫ್‌ಎಯ ಇ3 ನಿಯಮದಡಿ ತಪ್ಪು ಸಾಬೀತಾಗಲು ಆ ಮಾತು ಅವಮಾನಕರ ಎಂದಾದರೆ ಸಾಕು. ಆಡಿದವರ ಉದ್ದೇಶವನ್ನು ನೋಡುವುದು ಶಿಕ್ಷೆಯ ಪ್ರಮಾಣ ಗೊತ್ತುಮಾಡುವಾಗ. ಉರುಗ್ವೆಯ ಭಾಷಾ ಅಕಾಡೆಮಿ ಈ ತೀರ್ಪನ್ನು ಬಹಿರಂಗವಾಗಿಯೇ ಖಂಡಿಸಿತು. ಇಂಥ ಪ್ರಕರಣಕ್ಕೆ ‘ಜನಾಂಗಸೂಚಕ ಅವಮಾನಕರ ಪದಬಳಕೆ’ ಎಂದು ಬರೆಯಿರಿ. ತಲೆಬರಹಕ್ಕೆ ಉದ್ದವಾಯಿತು, ನಿಜ. ಆದರೆ ಒಬ್ಬರು ಮಾಡದ್ದನ್ನು ಅವರ ತಲೆಗೆ ಕಟ್ಟುವುದು ತಪ್ಪುತ್ತದೆ.

ಇನ್ನು 8, 4, 3. ಇವನ್ನು ಹಾಗೇ ಪಕ್ಕಪಕ್ಕ ಇಟ್ಟರೆ ಓದುಗರು ದಾರಿ ತಪ್ಪುತ್ತಾರೆ. 2011ರಲ್ಲಿ ಅವಮಾನಕರ ಮಾತಿಗೆ ಮೂಲ ಶಿಕ್ಷೆ 2 ಪಂದ್ಯ. ಅದರಲ್ಲಿ ಜನಾಂಗ, ಬಣ್ಣ, ಧರ್ಮ ಇತ್ಯಾದಿಗಳ ಉಲ್ಲೇಖವಿದ್ದರೆ ಇಮ್ಮಡಿ, ಅಂದರೆ 4. ಟೆರಿಗೆ ಬಿದ್ದದ್ದು ಅಷ್ಟೇ, ಜೊತೆಗೆ 2.2 ಲಕ್ಷ ಪೌಂಡ್ ದಂಡ. ಸುವಾರೆಜ್ ಪದವನ್ನು ಮತ್ತೆ ಮತ್ತೆ ಬಳಸಿದ್ದರಿಂದ 4 ಏರಿ 8 ಆಯಿತು. ದಂಡ ಮಾತ್ರ 40 ಸಾವಿರ. 2013ರಲ್ಲಿ ಕನಿಷ್ಠ ಶಿಕ್ಷೆಯನ್ನು 5 ಪಂದ್ಯಕ್ಕೆ ಏರಿಸಿದರು. ಯಹೂದಿ ವಿರೋಧಿ ಎನ್ನಲಾದ ‘ಕೆನೆಲ್’ ಕೈಸನ್ನೆ ಮಾಡಿದ ನಿಕೊಲಾ ಅನೆಲ್ಕಾಗೆ 2014ರಲ್ಲಿ ಸರಿಯಾಗಿ 5 ಬಿತ್ತು. 2020–21ರ ಋತುವಿನ ಹೊತ್ತಿಗೆ ಅದು 6ರಿಂದ 12 ಪಂದ್ಯ ಎಂದಾಗಿತ್ತು. ಬರಹದಲ್ಲಿ ಅಥವಾ ಸಾಮಾಜಿಕ ಜಾಲತಾಣದಲ್ಲಿ ಮಾತ್ರ ನಡೆದ ತಪ್ಪಾದರೆ 3ರವರೆಗೆ ಇಳಿಸಬಹುದು. ಏಷ್ಯಾ ಮೂಲದವರೊಬ್ಬರನ್ನು ಅಣಕಿಸಿದ ಸ್ನ್ಯಾಪ್‌ಚಾಟ್ ವಿಡಿಯೊಗಾಗಿ ಡೆಲಿ ಅಲಿಗೆ 2020ರ ಜೂನ್‌ನಲ್ಲಿ 1 ಪಂದ್ಯ, ಕವಾನಿಗೆ ಡಿಸೆಂಬರ್‌ನಲ್ಲಿ 3: ನಡುವೆ ನಿಯಮವೇ ಬದಲಾಗಿತ್ತು. ತಮ್ಮದೇ ತಂಡದ ಕೊರಿಯಾದ ಆಟಗಾರ ಸನ್ ಹ್ಯೂಂಗ್ ಮಿನ್ ಬಗ್ಗೆ ಟಿವಿಯಲ್ಲಿ ಆಡಿದ ಮಾತಿಗೆ ರೊಡ್ರಿಗೊ ಬೆಂಟಾಂಕುರ್‌ಗೆ 2024ರಲ್ಲಿ 7 ಪಂದ್ಯ ಬಿದ್ದದ್ದು ಈ ಹೊಸ ಲೆಕ್ಕದಲ್ಲೇ.

ಆದ್ದರಿಂದ ಸಂಖ್ಯೆ ಬೇರೆ ಎಂಬಷ್ಟಕ್ಕೇ ‘ಪಕ್ಷಪಾತ’ ಎನ್ನಲಾಗದು. ಆ ಪದ ತೀರ್ಪು ಕೊಟ್ಟವರ ಮೇಲಿನ ಆರೋಪ. ಇಂಥ ಕ್ಲಬ್ಬಿನ, ಇಂಥ ದೇಶದ ಆಟಗಾರನ ಕಡೆ ವಾಲಿದರು ಎಂದು ತೋರಿಸಬೇಕಾಗುತ್ತದೆ. ಯಾರಾದರೂ ಹಾಗೆ ದೂರಿದ್ದರೆ ‘ಪಕ್ಷಪಾತದ ಆರೋಪ’ ಎಂದು ಬರೆದು, ದೂರಿದವರು ಯಾರೆಂದೂ ಹೇಳಿ. ‘ತಾರತಮ್ಯ’ ಇನ್ನೂ ತೊಡಕಿನದು. ತರ–ತಮದಿಂದ ಬಂದ ಪದ, ಮೂಲದಲ್ಲಿ ಹೆಚ್ಚುಕಡಿಮೆಯ ಮಟ್ಟ ಎಂದಷ್ಟೇ ಅರ್ಥ; ಶಿಕ್ಷೆಯ ಶ್ರೇಣಿಗೆ ಆ ಹಳೆಯ ಅರ್ಥ ಒಪ್ಪುತ್ತದೆ. ಆದರೆ ಇಂದಿನ ಓದುಗರಿಗೆ ಅದು ಭೇದಭಾವ. ಆಟಗಾರನ ತಪ್ಪೇ ಭೇದಭಾವದ್ದಾಗಿರುವಾಗ ಶಿಕ್ಷೆಗೂ ಅದೇ ಪದ ಬಳಸಿದರೆ ಯಾರು ಯಾರಿಗೆ ಭೇದ ಮಾಡಿದರು ಎಂದೇ ತಿಳಿಯದು. ಟೆರಿ, ಸುವಾರೆಜ್ ದಂಡಗಳ ಅಂತರದಂಥದ್ದಕ್ಕೆ ‘ಏಕರೂಪತೆ ಇಲ್ಲ’ ಎಂಬುದೇ ಸರಿ. ಕವಾನಿಯ ಬಗ್ಗೆ ನನ್ನ ತಕರಾರಿರುವುದು ಮಾನದಂಡದ ಮೇಲೆ: ಸ್ಪ್ಯಾನಿಷ್‌ನಲ್ಲಿ ಗೆಳೆಯನಿಗೆ ಬರೆದದ್ದನ್ನು ಇಂಗ್ಲಿಷ್ ಓದುಗರ ಕಿವಿಯಿಂದ ಅಳೆದರು. ಅದು ಅನ್ಯಾಯ ಎಂದು ವಾದಿಸಬಹುದು, ಪಕ್ಷಪಾತ ಎಂದಲ್ಲ.

ಇನ್ನೊಬ್ಬರ ಸೇರ್ಪಡೆ:
ನಿಮ್ಮ ಲೇಖನದ ಟೆರಿ ಭಾಗದಲ್ಲಿ ‘ಅಪರಾಧಿ’ ಎಂಬ ಪದವಿದ್ದರೆ ದಯವಿಟ್ಟು ತೆಗೆಯಿರಿ. ಅದೇ ಮಾತಿಗಾಗಿ ಹೂಡಿದ್ದ ಮೊಕದ್ದಮೆಯಲ್ಲಿ 2012ರ ಜುಲೈನಲ್ಲಿ ಲಂಡನ್ನಿನ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಅಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಎಫ್‌ಎ ಆಯೋಗ ನೋಡಿದ್ದು ಯಾವುದು ನಡೆದಿರುವ ಸಾಧ್ಯತೆ ಹೆಚ್ಚು ಎಂಬುದನ್ನು. ‘ನಿಯಮ ಉಲ್ಲಂಘನೆ ಸಾಬೀತಾಯಿತು’ ಎಂದು ಬರೆದರೆ ಎರಡು ತೀರ್ಪುಗಳೂ ಒಂದೇ ಪ್ಯಾರಾದಲ್ಲಿ ತಿಕ್ಕಾಟವಿಲ್ಲದೆ ನಿಲ್ಲುತ್ತವೆ.